ಕೊಲಂಬಿಯಾದಲ್ಲಿ ಫ್ಲಾರೆನ್ಸಿನ ಮೆಟ್ಟಿಲು

ಆ ಮೆಟ್ಟಿಲನ್ನು ನಾನು ಮೊದಲು ನೋಡಿದ್ದು ಮೈಸೂರಿನಲ್ಲಿ, ಆರ್ಕಿಟೆಕ್ಚರ್ ಓದುತ್ತಿದ್ದ ಮೂರನೆಯ ವರ್ಷ, ತರಗತಿಯ ಮಾಸಿದ ಪರದೆಯ ಮೇಲೆ. ನೋಡಿದ ಕೂಡಲೇ ಹೇಸಿಗೆಯಾಯಿತು. ಇಟಲಿಯ ಫ್ಲಾರೆನ್ಸ್ ಊರಿನ ಒಂದು ಗ್ರಂಥಾಲಯದ ಮುಂಗೋಣೆ ಅದು. ಸುಮಾರು ಐನೂರು ವರ್ಷಗಳ ಹಿಂದೆ ಒಬ್ಬ ಶಿಲ್ಪಿ ಅದನ್ನು ಕಲ್ಪಿಸಿದ್ದ. ಕಂಬ ಎಂದರೆ ಗೋಡೆಯಿಂದ ಮುಂದೆ ನಿಂತು ಭಾರ ಹೊರಬೇಕು ಎಂದು ಎರಡು ವರ್ಷ ಓದಿಕೊಂಡು ಬಂದಿದ್ದೆವು. ಇಲ್ಲಿ ಕಂಬಗಳನ್ನು ಜೋಡಿ ಜೋಡಿಯಾಗಿ ಗೋಡೆಯೊಳಕ್ಕೆ ತಳ್ಳಿ, ಬೀರುವಿನಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿದ್ದ. ಅವುಗಳ ಕೆಳಗೆ ಸುರುಳಿ ಸುತ್ತಿದ ದೊಡ್ಡ ದೊಡ್ಡ ಚಾಚುಗಲ್ಲುಗಳು ಏನನ್ನೂ ಹೊರದೆ ಸುಮ್ಮನೆ ನೇತಾಡುತ್ತಿದ್ದವು. ಕಿಟಕಿಯ ಚೌಕಟ್ಟುಗಳಿದ್ದವು, ಕಿಟಕಿಗಳಿರಲಿಲ್ಲ. ಇಷ್ಟು ಸಾಲದು ಎಂಬಂತೆ ಇಡೀ ಕೋಣೆಯ ನೆಲವನ್ನು ಒಂದು ಮೆಟ್ಟಿಲು ನುಂಗಿತ್ತು. ಮೇಲಿನ ಬಾಗಿಲಿನಿಂದ ಮಂದವಾದ ಏನೋ ಒಂದು ಉಕ್ಕಿ ಕೆಳಗೆ ಹರಿದು, ಹರಿಯುತ್ತಲೇ ಹೆಪ್ಪುಗಟ್ಟಿದಂತಿತ್ತು. ನಡುವೆ ಬಾಗಿದ ಹಂತಗಳು, ಎರಡೂ ಪಕ್ಕದಲ್ಲಿ ನೆಟ್ಟಗಿನ ಹಂತಗಳು. ಪಕ್ಕದವುಗಳ ಹೊರ ಅಂಚಿಗೆ ಹಿಡಿದುಕೊಳ್ಳಲು ಏನೂ ಇಲ್ಲ.

ನಮ್ಮ ಮೇಷ್ಟ್ರು ಕೋಲಿನಿಂದ ಪರದೆ ಮುಟ್ಟಿ ಹೇಳಿದರು: "ಇವನಿಗೆ ರೂಲ್ಸ್ ಗೊತ್ತಿತ್ತು. ಗೊತ್ತಿದ್ದೇ ಮುರಿದ. ಇವನ ಹಿಂದೆ ಬಂದ ಎಷ್ಟೋ ಜನಕ್ಕೆ ಮುರಿಯೋದು ಮಾತ್ರ ಗೊತ್ತಿತ್ತು. ಇವನ ಕೈ ಹೇಗೆ ಓಡ್ತು ಅನ್ನೋದನ್ನ ನೋಡಿಕೊಂಡು ಅದನ್ನೇ ಮಾಡ್ತಾ ಹೋದ್ರು. ಅದಕ್ಕೇ ಮ್ಯಾನರಿಸಂ ಅಂತ ಹೆಸರು ಬಂತು. ನಿಮಗೆ ಅಸಹ್ಯ ಅನ್ನಿಸ್ತಿದ್ರೆ ತಪ್ಪಿಲ್ಲ. ಆದ್ರೆ ಬರೆದು ನೋಡಿ, ಆಮೇಲೆ ಮಾತಾಡಿ."

ಆರು ವಾರ ಬರೆದೆ. ಅಳತೆ ಹಿಡಿದು ಒಂದೊಂದೇ ಗೆರೆ ಎಳೆಯುತ್ತಾ ಹೋದಾಗ ತಿಳಿದದ್ದು ಇಷ್ಟು: ಗೋಡೆಯೊಳಗೆ ಹುದುಗಿಸಿದ್ದ ಆ ಕಂಬಗಳೇ ನಿಜವಾಗಿ ಮೇಲಿನ ಭಾರವನ್ನು ಹೊತ್ತಿದ್ದವು. ನೋಡಿದವರಿಗೆ ಸುಳ್ಳೆನಿಸುವ ಕಡೆಯೇ ಅವನು ನಿಜ ಇಟ್ಟಿದ್ದ. ನನ್ನ ಹೇಸಿಗೆ ಪೂರ್ತಿ ಹೋಗಲಿಲ್ಲ, ಆದರೆ ಅದರ ಜೊತೆಗೆ ಭಯದಂಥ ಗೌರವವೊಂದು ಸೇರಿಕೊಂಡಿತು.

ಹದಿನೈದು ವರ್ಷಗಳಾದ ಮೇಲೆ, 2021ರ ಬೇಸಿಗೆಯಲ್ಲಿ, ಅದೇ ಮೆಟ್ಟಿಲು ಅಮೆರಿಕದ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ನನ್ನೆದುರು ಬಂತು. ಆಗ ನಾನು ರಾಕ್‌ವಿಲ್‌ನ ಒಂದು ಮನೆ ಕಟ್ಟುವ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದೆ. ಹಳೆಯ ಮನೆಗಳನ್ನು ಹಿಗ್ಗಿಸಿ ಅರಮನೆಯ ಮುಖ ಅಂಟಿಸಿ ಕೊಡುವುದು ನಮ್ಮ ಕೆಲಸ. ಮಾಲೀಕ ಅಮೆರಿಕದವನು, ನಗುಮುಖದವನು. ಯಾವ ಗಿರಾಕಿಗೂ ಆಗುವುದಿಲ್ಲ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ನನ್ನ ವೀಸಾ ಅವನ ಕಂಪನಿಯದು, ಗ್ರೀನ್ ಕಾರ್ಡಿನ ಅರ್ಜಿಯೂ ಅವನದೇ. ಹಾಗಾಗಿ ನಾನೂ ಆಗುವುದಿಲ್ಲ ಎನ್ನುತ್ತಿರಲಿಲ್ಲ.

ಮನೆ ಒಬ್ಬ ಹೃದಯದ ಡಾಕ್ಟರದ್ದು. ಧಾರವಾಡದ ಕಡೆಯವರು, ಅರವತ್ತರ ಹತ್ತಿರ. ಮನೆಯಲ್ಲಿ ಅವರು ಮತ್ತು ಅವರ ತಾಯಿ, ಇಬ್ಬರೇ. ಮಾಸ್ಕ್ ಹಾಕಿಕೊಂಡು ಅವರ ಮುಂದಿನ ಹಾಲ್‌ನಲ್ಲಿ ನಿಂತಿದ್ದೆ. ಅವರು ಫೋನ್ ತೆಗೆದು ಫೋಟೋ ತೋರಿಸಿದರು. ಬೂದುಬಣ್ಣದ ಕಲ್ಲಿನ ಅದೇ ಪ್ರವಾಹ.

"ಇದು ಫ್ಲಾರೆನ್ಸ್‌ನಾಗ ಅದ ನೋಡ್ರಿ. ಕೊರೋನಾ ಬರೋದರ ಹಿಂದಿನ ವರ್ಷ ನಾನು, ನಮ್ಮ ಮಿಸೆಸ್ ಹೋಗಿದ್ವಿ. ಒಳಗ ಕಾಲಿಡೂದಕ್ಕ ಉಸಿರ ಕಟ್ಟಿದಂಗಾತು ನನಗ. ಆಕಿ ಅಂತೂ ಹೋಗಿ ಮೆಟ್ಟಲದ ಮ್ಯಾಲೆ ಕೂತ್‌ಬಿಟ್ಲು. ಗಾರ್ಡ್ ಬಂದು ಎಬ್ಬಿಸಿದ."

ಅವರ ಹೆಂಡತಿ ಮರುವರ್ಷವೇ ತೀರಿಕೊಂಡಿದ್ದರು. ಅದನ್ನು ಡಾಕ್ಟರು ಹೇಳಲಿಲ್ಲ, ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಹೇಳಿತು.

"ಇದು ನಮ್ಮನ್ಯಾಗ ಬೇಕು. ಆಗ್ತದೇನ್ರಿ?"

ಆಗುವುದಿಲ್ಲ ಎಂಬುದು ನಾನು ಕಣ್ಣಿನಲ್ಲೇ ಅಳೆದ ಕ್ಷಣದಲ್ಲೇ ಗೊತ್ತಾಯಿತು. ಅಲ್ಲಿಯ ಕೋಣೆ ಬಾವಿಯಂತೆ ಎತ್ತರ, ನಾಲ್ಕು ಕಡೆ ಗೋಡೆ. ಆ ಇಕ್ಕಟ್ಟಿನಿಂದಲೇ ಮೆಟ್ಟಿಲಿಗೆ ಅಷ್ಟು ಬಲ. ಇಲ್ಲಿಯ ಹಾಲ್‌ನ ಒಂದು ಪಕ್ಕ ಅಡುಗೆಮನೆಗೆ ತೆರೆದುಕೊಂಡಿತ್ತು, ಮತ್ತೊಂದು ಪಕ್ಕ ಟೀವಿ. ಒಲೆಯ ಮೇಲೆ ಒಗ್ಗರಣೆ ಚಟಗುಟ್ಟುವುದು ಕೇಳುತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು, "ಟ್ರೈ ಮಾಡೋಣ ಡಾಕ್ಟ್ರೇ."

ಒಳಗಿನಿಂದ ಅವರ ತಾಯಿ ಬಂದರು. ಗಟ್ಟಿ ಮೈಕಟ್ಟಿನ ಗಿಡ್ಡ ಮುದುಕಿ, ಇಳಕಲ್ ಸೀರೆ. ಅಂಗೈಯಲ್ಲಿ ಜೋಳದ ಹಿಟ್ಟು. "ಯಾರಿವರು?" ಎಂದರು. ಮನೆ ರಿಪೇರಿಯವರು ಎಂದು ಮಗ ಹೇಳಿದಾಗ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕನ್ನಡದಾಕಿ ಇದ್ದಾಳ. ರೊಟ್ಟಿ ತಿಂದು ಹೋಗವಾ" ಎಂದರು. ಆ ದಿನ ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದು ಬಂದೆ.

ನಕ್ಷೆಗೆ ಕೂತಾಗ ತೊಡಕು ಒಂದೊಂದಾಗಿ ಮೇಲೆ ಬಂತು. ನಡುವಿನ ಬಾಗಿದ ಮೆಟ್ಟಿಲಿಗೆ ಎರಡೂ ಕಡೆ ರೇಲಿಂಗ್ ಹಾಕಬೇಕಾಯಿತು. ರೇಲಿಂಗ್ ಬಂದ ಮೇಲೆ ಪಕ್ಕದ ಮೆಟ್ಟಿಲುಗಳಿಂದ ಮೇಲೆ ಹೋಗುವ ದಾರಿ ಮುಚ್ಚಿತು. ಹಾಲ್‌ನ ಅಗಲ ಸಾಲದೆ ಅವುಗಳನ್ನು ಒಂದೂವರೆ ಅಡಿಗೆ ಇಳಿಸಿದ್ದೆ. ಏಳು ಹಂತ ಹತ್ತಿದರೆ ಎದುರಿಗೆ ಕಂಬಿಯ ಅಡ್ಡ, ಹೊರಗಡೆ ಕಾಲು ತಪ್ಪಿದರೆ ಎದೆಯೆತ್ತರದಿಂದ ನೆಲಕ್ಕೆ. ಇಂಥದ್ದನ್ನು ಕಟ್ಟಡದ ಪರ್ಮಿಟ್ ಕೊಡುವ ಕೌಂಟಿಯ ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ. ಪಕ್ಕದ ಮೆಟ್ಟಿಲುಗಳನ್ನು ತೆಗೆದುಬಿಡೋಣ ಎಂದು ನಾನು ಮಾಲೀಕನಿಗೆ ಹೇಳಿದೆ. ಡಾಕ್ಟರಿಗೆ ಬೇಕಾದದ್ದೇ ಆ ಮೂರು ಸಾಲು ಎಂದು ಅವನು ತಲೆಯಾಡಿಸಿದ. ಆಮೇಲೆ ನನ್ನ ಸ್ಕ್ರೀನಿನತ್ತ ಬಾಗಿ, ನಗುತ್ತಲೇ, ಅದನ್ನು ನೀನು ಮೆಟ್ಟಿಲು ಎಂದು ಯಾಕೆ ಕರೆಯುತ್ತೀಯ ಎಂದು ಕೇಳಿದ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ರೆಸ್ಟನ್‌ನ ಆಫೀಸಿನಿಂದ ಡ್ರೈವ್ ಮಾಡಿಕೊಂಡು ಬಂದು ಸುಸ್ತಾಗಿ ಕೂತಿದ್ದ.

"ಅವ್ರ್ ಮನೆ, ಅವ್ರಿಷ್ಟ ಕಣೇ. ಸಬ್ಮಿಟ್ ಮಾಡ್ಬಿಡು. ಈಗ ಬಾಸ್ ಜೊತೆ ಇಶ್ಯೂ ಮಾಡ್ಕೊಂಡ್ರೆ ಗ್ರೀನ್ ಕಾರ್ಡ್ ಪ್ರಾಸೆಸ್ ಮತ್ತೆ ಮೊದ್ಲಿಂದ ಸ್ಟಾರ್ಟ್ ಆಗುತ್ತೆ."

"ಯಾರಾದ್ರೂ ಹತ್ತಿ ಬಿದ್ರೆ?"

"ಯಾರ್ ಹತ್ತುತ್ತಾರೆ? ಎಲ್ಲಿಗೂ ಹೋಗಲ್ಲ ಅಂತೀಯಲ್ಲ."

ಮರುದಿನ ಬೆಳಿಗ್ಗೆ ಆ ಎರಡು ಸಾಲುಗಳ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಅಲಂಕಾರದ ಹಂತಗಳು, ಗಿಡದ ಕುಂಡಗಳಿಗೆ, ನಡೆಯಲು ಅಲ್ಲ. ಆತುರದಲ್ಲಿ ಒಂದು ಪದದ ಸ್ಪೆಲಿಂಗ್ ತಪ್ಪಿತ್ತು. ಗಮನಿಸಲಿಲ್ಲ. ಡಾಕ್ಟರು ಆಸ್ಪತ್ರೆಯಿಂದಲೇ ಫೋನಿನಲ್ಲಿ ಸಹಿ ಹಾಕಿ ಕಳಿಸಿದರು. ಆ ಸಾಲನ್ನು ಅವರು ಓದಿರಲಾರರು ಎಂದು ನನಗೆ ಗೊತ್ತಿತ್ತು. ಓದಿ ಎಂದು ನಾನು ಹೇಳಲಿಲ್ಲ. ಪರ್ಮಿಟ್ ಬಂತು.

ಆ ವರ್ಷ ಒಳ್ಳೆಯ ಮರ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಮಾಲೀಕ ನಡುವಿನ ಮೆಟ್ಟಿಲನ್ನು ಮಾತ್ರ ಮರದಲ್ಲಿ ಮಾಡಿಸಿ, ಮಿಕ್ಕಿದ್ದೆಲ್ಲಾ ಥರ್ಮಾಕೋಲಿನಲ್ಲಿ ಎಂದು ತೀರ್ಮಾನಿಸಿದ. ಪಕ್ಕದ ಹಂತಗಳಿಗೆ ಒಳಗೆ ಥರ್ಮಾಕೋಲ್ ದಿಮ್ಮಿ, ಮೇಲೆ ತೆಳು ಹಲಗೆ, ಅದರ ಮೇಲೆ ಗಾರೆಯಂಥ ಲೇಪ. ಅದನ್ನು ಕೊರೆಯುವ ಶೆಡ್ಡಿಗೆ ನಾನು ಹೋಗಿ ನಿಂತಿದ್ದೆ. ಕಾದ ತಂತಿ ಬಿಳಿ ದಿಮ್ಮಿಯೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ಸಿಹಿ ವಾಸನೆ ಮಾಸ್ಕ್ ದಾಟಿ ಗಂಟಲಿಗೆ ಬಂದು ಕೂತಿತು. ಆ ಶಿಲ್ಪಿಯ ಚಾಚುಗಲ್ಲು, ನಾನು ಆರು ವಾರ ಕೂತು ಅದರ ಸುರುಳಿಯನ್ನು ಕಲಿತ ಚಾಚುಗಲ್ಲು, ನಿಮಿಷಕ್ಕೊಂದರಂತೆ ಕತ್ತರಿಸಿ ಬಿದ್ದು ನೆಲದ ಮೇಲೆ ಹಗುರಾಗಿ ಪುಟಿಯುತ್ತಿತ್ತು. ಆಮೇಲೆ ಬೂದುಬಣ್ಣ ಬಳಿದು, ಸ್ಪಂಜಿನಿಂದ ಒತ್ತಿ ಒತ್ತಿ ಕಲ್ಲಿನ ಚುಕ್ಕೆ ಮೂಡಿಸಿದರು. ಕಂಬಗಳನ್ನು ಉದ್ದಕ್ಕೆ ಎರಡು ಸೀಳು ಮಾಡಿ ತಂದು, ಗೋಡೆಗೆ ಅರ್ಧರ್ಧ ಅಂಟಿಸಿದರು. ಬೆರಳ ಗೆಣ್ಣಿನಿಂದ ತಟ್ಟಿದರೆ ಒಣಗಿದ ಸೋರೆಬುರುಡೆಯ ಸದ್ದು. ಒಂದು ಚಾಚುಗಲ್ಲು ಅಂಟು ಹಿಡಿಯದೆ ಕೆಲಸದವನ ಹೆಗಲ ಮೇಲೆ ಬಿತ್ತು. ತೂಕವೇ ಇಲ್ಲದ್ದರಿಂದ ಅವನು ಜೋರಾಗಿ ನಕ್ಕ. ನಾನು ಹೊರಗೆ ಹೋಗಿ ಕಾರಿನ ಹಿಂದೆ ನಿಂತು ಉಗುಳಿದೆ. ಬಾಯಿಯಲ್ಲಿ ಅಂಟಿನ ರುಚಿ ಇತ್ತು.

ಕೆಲಸ ಮುಗಿದ ಮೇಲೆ ಡಾಕ್ಟರು ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ವರ್ಷದಿಂದ ಒಬ್ಬರನ್ನೊಬ್ಬರು ನೋಡದ ಕನ್ನಡದವರೆಲ್ಲ ಬಂದಿದ್ದರು, ಮೇರಿಲ್ಯಾಂಡ್, ವರ್ಜೀನಿಯಾ ಎರಡೂ ಕಡೆಯಿಂದ. ಪೂಜೆಗಿಂತ ಮೆಟ್ಟಿಲ ಮುಂದೆಯೇ ಸಾಲು ದೊಡ್ಡದಿತ್ತು. ರೇಷ್ಮೆ ಸೀರೆಯ ಆಂಟಿಯರು ಪಕ್ಕದ ಹಂತಗಳ ಮೇಲೆ ಒಬ್ಬರ ಮೇಲೊಬ್ಬರು ನಿಂತು ಫೋಟೋ ತೆಗೆಸಿಕೊಂಡರು. "ವಾವ್ ಅಂಕಲ್, ಇಟ್ಸ್ ಲೈಕ್ ಎ ಪ್ಯಾಲೆಸ್" ಎಂದಳು ಯಾರದೋ ಮಗಳು. ಡಾಕ್ಟರು ನನ್ನ ಕೈ ಹಿಡಿದು ಮುಂದಕ್ಕೆ ಎಳೆದರು.

"ಡಿಸೈನ್ ಎಲ್ಲಾ ಇವರದ ನೋಡ್ರಿ. ಮೈಸೂರಿನವರು. ಸೇಮ್ ಟು ಸೇಮ್ ಮಾಡ್ಯಾರ."

ಜನ ಚಪ್ಪಾಳೆ ತಟ್ಟಿದರು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಆ ಹೊತ್ತಿಗೆ ನನಗೆ ಹಿಗ್ಗಾಯಿತು. ಶಿರಾ ತಿನ್ನುತ್ತಾ ಮೂರು ಜನರಿಗೆ ಆ ಶಿಲ್ಪಿಯ ಕತೆ ಹೇಳಿದೆ. ಅವನು ಮೆಟ್ಟಿಲನ್ನು ಮರದಲ್ಲಿ ಮಾಡಿಸಬೇಕೆಂದಿದ್ದ. ಬೇರೆ ಊರಿನಲ್ಲಿ ಕೂತು ಒಂದು ಪುಟ್ಟ ಮಣ್ಣಿನ ಮಾದರಿ ಮಾಡಿ ಕಳಿಸಿದ. ಅಲ್ಲಿದ್ದವರು ಅದನ್ನು ನೋಡಿಕೊಂಡು ಕಲ್ಲಿನಲ್ಲಿ ಕಟ್ಟಿದರು. ಕೇಳಿದವರು "ಹೌದಾ!" ಎಂದರು. ಕಾರಿನಲ್ಲಿ ಕೂತ ಮೇಲೆ, ಸೀಟ್ ಬೆಲ್ಟ್ ಹಾಕಿಕೊಳ್ಳುವಾಗ, ನನ್ನ ಮೇಲೆ ನನಗೇ ವಾಕರಿಕೆ ಬಂತು.

ಆ ಫೋಟೋಗಳು ವಾಟ್ಸಾಪಿನಲ್ಲಿ ಓಡಾಡಿದವು. ಷಾರ್ಲಟ್‌ನಲ್ಲಿ ಡಾಕ್ಟರ ಸಹಪಾಠಿಯೊಬ್ಬರಿಗೆ ಅದೇ ಬೇಕಾಯಿತು, ಅಟ್ಲಾಂಟಾದ ಹೊರವಲಯದಲ್ಲಿ ಇನ್ನೊಬ್ಬರಿಗೆ. ನಮ್ಮ ಕಂಪನಿಗೆ ಷಾರ್ಲಟ್‌ನಲ್ಲಿ ಒಂದು ಸಣ್ಣ ಕಚೇರಿ ಇತ್ತು. ಮಾಲೀಕ ನನ್ನ ಹಾಳೆಗಳನ್ನು ಅಲ್ಲಿಗೆ ಕಳಿಸಿ, ಅದಕ್ಕೊಂದು ಇಟಾಲಿಯನ್ ಹೆಸರಿಟ್ಟು, ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದ.

ಮುಂದಿನ ವರ್ಷದ ವಸಂತದಲ್ಲಿ ಕೆಲಸ ಹೇಗಾಗಿದೆ ನೋಡಿ ಬಾ ಎಂದು ನನ್ನನ್ನೇ ಷಾರ್ಲಟ್‌ಗೆ ಕಳಿಸಿದರು. ಮನೆಯವರು ಇರಲಿಲ್ಲ, ಬಾಗಿಲ ಕೋಡ್ ಕೊಟ್ಟಿದ್ದರು. ಒಳಗೆ ಕಾಲಿಟ್ಟವಳು ಬಾಗಿಲು ಮುಚ್ಚುವುದನ್ನೂ ಮರೆತು ನಿಂತೆ. ಬಾಗಿದ ಹಂತ ಮಾಡುವುದು ತಾಪತ್ರಯ ಎಂದು ನಡುವಿನ ಮೆಟ್ಟಿಲನ್ನು ನೆಟ್ಟಗೆ ಮಾಡಿದ್ದರು. ಎಂದರೆ ಆ ಮೆಟ್ಟಿಲಿನ ಪ್ರಾಣ ಯಾವುದೋ ಅದನ್ನೇ ತೆಗೆದಿದ್ದರು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆಂದು ಪಕ್ಕದ ಸುಳ್ಳು ಹಂತಗಳನ್ನು ಮಾತ್ರ ಉಳಿಸಿಕೊಂಡು, ಪ್ರತಿ ಹಂತದ ಅಡಿಗೆ ನೀಲಿ ದೀಪದ ಪಟ್ಟಿ ಅಂಟಿಸಿದ್ದರು. ಚಾಚುಗಲ್ಲುಗಳು ತಲೆಕೆಳಗಾಗಿದ್ದವು. ಕೂಡಿಸಿದವನಿಗೆ ಯಾವುದು ಮೇಲು ಯಾವುದು ಕೆಳಗು ಎಂದು ಗೊತ್ತಾಗುವ ಕಾರಣವೇ ಇರಲಿಲ್ಲ, ಅವು ಏನನ್ನೂ ಹೊರುತ್ತಿರಲಿಲ್ಲವಲ್ಲ. ಕೌಂಟರಿನ ಮೇಲೆ ಅವರು ಕೌಂಟಿಗೆ ಕೊಟ್ಟ ನಕ್ಷೆಯ ಪ್ರತಿ ಬಿದ್ದಿತ್ತು. ನನ್ನದೇ ಸಾಲು ಅಕ್ಷರಶಃ ಅಲ್ಲಿ ಇತ್ತು, ಸ್ಪೆಲಿಂಗ್ ತಪ್ಪಿನ ಸಮೇತ.

ಅಲ್ಲಿಯ ಕಚೇರಿಯವನು ಅಟ್ಲಾಂಟಾದ ಫೋಟೋ ತೋರಿಸಿದ. ಅಲ್ಲಿ ಜಾಗ ಇನ್ನೂ ಕಡಿಮೆ. ಪಕ್ಕದ ಮೆಟ್ಟಿಲುಗಳು ಗೋಡೆಗೆ ಅಂಟಿದ ಗೀಟುಗಳಾಗಿ ಇಳಿದಿದ್ದವು, ಬೆಕ್ಕು ಕೂಡ ಕಾಲೂರಲು ಆಗದಷ್ಟು. ಕಂಬದ ಜೋಡಿಯಲ್ಲಿ ಒಂದನ್ನು ಕೈಬಿಟ್ಟಿದ್ದರು. ಇವರಲ್ಲಿ ಒಬ್ಬರೂ ಫ್ಲಾರೆನ್ಸ್ ನೋಡಿದವರಲ್ಲ. ನೋಡಿದ್ದು ನನ್ನ ಹಾಳೆಯನ್ನು. ಮೇಷ್ಟ್ರು ಕೋಲಿನಿಂದ ತಟ್ಟಿ ಹೇಳಿದ ಆ ಹಿಂದೆ ಬಂದವರ ಸಾಲಿನಲ್ಲಿ ಮೊದಲು ನಿಂತವಳು ನಾನೇ. ಹೋಟೆಲಿಗೆ ಬಂದು ಮಧ್ಯಾಹ್ನದ ಊಟ ಮಾಡದೆ ಮಲಗಿದೆ. ಮುಟ್ಟಿದ್ದೆಲ್ಲಾ ಜಿಗುಟಾಗಿದೆ ಅನ್ನಿಸುತ್ತಿತ್ತು, ಹಾಸಿಗೆಯ ತಲೆಭಾಗದ ನಕಲಿ ಮರವೂ.

ರಾಕ್‌ವಿಲ್‌ಗೆ ಮರಳಿದ ವಾರವೇ ಡಾಕ್ಟರ ತಾಯಿ ಬಿದ್ದ ಸುದ್ದಿ ಬಂತು. ಬಾತ್‌ರೂಮಿನಲ್ಲಿ ಜಾರಿ ಬಿದ್ದರಂತೆ, ಬಲ ಮಣಿಕಟ್ಟು ಮುರಿದಿದೆಯಂತೆ, ಭುಜಕ್ಕೂ ಪೆಟ್ಟಂತೆ. ಪೂಜೆಗೆ ಬಂದಿದ್ದ ಎಲ್ಲರಿಗೂ ಡಾಕ್ಟರು ಹಾಗೇ ಮೆಸೇಜ್ ಕಳಿಸಿದ್ದರು. ಶನಿವಾರ ಬಿಸಿಬೇಳೆ ಬಾತ್ ಮಾಡಿಕೊಂಡು ನೋಡಲು ಹೋದೆ. ಡಾಕ್ಟರು ಬಾಗಿಲು ತೆಗೆದು, "ಅವ್ವ ಒಳಗ ಇದ್ದಾಳ, ಕುಂಡ್ರಿ, ನನ್ನದೊಂದು ಕಾಲ್ ಅದ" ಎಂದು ಮೇಲೆ ಹೋದರು.

ಅಜ್ಜಿ ತಮ್ಮ ಕೋಣೆಯಲ್ಲಿ ದಿಂಬಿಗೊರಗಿ ಕೂತಿದ್ದರು. ಕೈ ಮೊಣಕೈವರೆಗೆ ಕಟ್ಟಿನಲ್ಲಿತ್ತು. ಬೆರಳುಗಳು ಊದಿ ನೀಲಿಗಟ್ಟಿದ್ದವು.

"ಬಾತ್‌ರೂಮಲ್ಲಿ ನೀರಿತ್ತಾ ಅಜ್ಜಿ?" ಎಂದೆ.

"ಬಾತ್‌ರೂಮ್‌ನಾಗ ಯಾರು ಬಿದ್ದಾರ?" ಎಂದರು. "ಆ ನಿನ್ನ ಮೆಟ್ಟಲದಾಗ ಬಿದ್ದೀನಿ."

ತೆಗೆಯುತ್ತಿದ್ದ ಡಬ್ಬಿಯ ಮುಚ್ಚಳವನ್ನು ಮತ್ತೆ ಮುಚ್ಚಿದೆ.

"ಅವನ ಫೋನ ಹಾಲ್‌ನಾಗ ಬಿಟ್ಟಿದ್ದ. ಹೊಡಕೋತನ ಇತ್ತು, ಹೊಡಕೋತನ ಇತ್ತು. ದವಾಖಾನಿದು ಇರಬೇಕು, ಯಾರದರ ಜೀವದ ಮಾತು ಅಂತ ನಾನ ತಗೊಂಡು ಹತ್ತಿದ್ನಿ. ನನ್ನ ಖೋಲಿ ಬಾಜೂಕನ ಅದಲ್ಲ ಆ ಸಣ್ಣ ಮೆಟ್ಟಲಾ, ಎಂದೂ ಹತ್ತಿದ್ದಿಲ್ಲ, ಅವತ್ತ ಅದನ್ನ ಹತ್ತಿದ್ನಿ. ಮ್ಯಾಲ ಹೋದರ ದಾರೀನ ಇಲ್ಲ! ಕಟಾಂಜನ ಅಡ್ಡ ಬಂತು. ಅದರ ಸಂದ್ಯಾಗಿಂದ ಫೋನ ಚಾಚಿ ಕರದ್ನಿ. ಅಂವಗ ಕೇಳಿಸಲಿಲ್ಲ. ಇಳೀಬೇಕಂತ ತಿರುಗಿದ್ನಿ, ಆಚೀ ಕಡೆ ಹಿಡಕೊಳ್ಳಾಕ ಏನೂ ಇಲ್ಲ. ಆ ಕಂಬ ಹಿಡದ್ರ ಅದು ಕಿತಗೊಂಡ ಕೈಯಾಗ ಬಂತು."

ಅವರು ಬೈಯುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ನನ್ನ ಮುಖ ನೋಡಿ ಕೇಳಿದರು: "ಮೆಟ್ಟಲಾ ಅಂದ ಮ್ಯಾಲ ಎಲ್ಲ್ಯರ ಒಯ್ಯಬೇಕಲ್ಲ ತಂಗಿ? ಒಯ್ಯಂಗಿಲ್ಲ ಅಂದ ಮ್ಯಾಲ ಯಾಕ ಮಾಡಿದಿ ಅದನ್ನ?"

ನನ್ನ ಹತ್ತಿರ ಐನೂರು ವರ್ಷಗಳ ಚರಿತ್ರೆ ಇತ್ತು. ಅದರಲ್ಲಿ ಆ ಹೆಂಗಸಿನ ಮುಂದೆ ಹೇಳಬಹುದಾದ ಒಂದು ವಾಕ್ಯವೂ ಇರಲಿಲ್ಲ. "ತಪ್ಪಾಯ್ತು ಅಜ್ಜಿ" ಎಂದೆ. ಚಮಚದಲ್ಲಿ ಬಾತ್ ಕಲೆಸಿ ಅವರಿಗೆ ತಿನ್ನಿಸಿದೆ.

ಹಾಲ್‌ಗೆ ಬಂದೆ. ಎಡಗಡೆಯ ಕಂಬವನ್ನು ಮತ್ತೆ ಅಂಟಿಸಿ, ಬಿರುಕಿಗೆ ಬೂದುಬಣ್ಣ ಮೆತ್ತಿದ್ದರು. ಪಕ್ಕದ ಮೆಟ್ಟಿಲ ಬುಡಕ್ಕೆ ಸಿನೆಮಾ ಥಿಯೇಟರಿನಲ್ಲಿ ಇರುವಂಥ ಹಿತ್ತಾಳೆ ಗೂಟ ನೆಟ್ಟು ಕೆಂಪು ಮಖಮಲ್ಲಿನ ಹಗ್ಗ ಕಟ್ಟಿದ್ದರು. ಅದನ್ನು ನೋಡಿದಾಗ ನನಗಾದ ಅಸಹ್ಯಕ್ಕೆ ಹೋಲಿಕೆ ಸಿಗುವುದಿಲ್ಲ. ಒಬ್ಬ ಮುದುಕಿಯ ಮೂಳೆ ಮುರಿದ ಜಾಗಕ್ಕೆ ಶೃಂಗಾರ ಮಾಡಿದ್ದರು.

ಡಾಕ್ಟರು ಇಳಿದು ಬಂದರು. "ಬಾತ್‌ರೂಮ್ ಅಂತ ಯಾಕೆ ಹೇಳಿದ್ರಿ ಡಾಕ್ಟ್ರೇ?" ಎಂದು ಕೇಳಿಯೇ ಬಿಟ್ಟೆ.

ಅವರು ನಡುವಿನ ಮೆಟ್ಟಿಲ ಮೇಲೆಯೇ ಕೂತರು. "ಮತ್ತೇನ ಹೇಳಲಿ? ಊರ ಮಂದಿನ್ನ ಕರದು ತೋರಿಸೀನಿ. ಆಕಿ ಕೂತಿದ್ದ ಮೆಟ್ಟಲಾ ಅಂತ ಕಟ್ಟಿಸೀನಿ. ಅದ ನಮ್ಮವ್ವನ್ನ ಕೆಡವಿತು ಅಂತ ಹೆಂಗ ಹೇಳ್ಲಿ? ಅವ್ವಂದು ವಯಸ್ಸಾಗ್ಯದ, ನೋಡಿ ಹತ್ತಬೇಕಿತ್ತು."

"ಅಜ್ಜಿ ತಪ್ಪಲ್ಲ. ಅದು ಮೆಟ್ಟಿಲೇ ಅಲ್ಲ ಡಾಕ್ಟ್ರೇ. ಕೌಂಟಿಗೆ ನಾನು ಹಾಗೇ ಬರೆದುಕೊಟ್ಟಿದ್ದೀನಿ. ಗಿಡದ ಕುಂಡ ಇಡೋ ಶೆಲ್ಫ್ ಅಂತ. ಮೆಟ್ಟಿಲು ಅಂದಿದ್ರೆ ಪರ್ಮಿಟ್ ಸಿಗ್ತಿರಲಿಲ್ಲ."

ಅವರು ಪಕ್ಕದ ಹಂತಗಳ ಕಡೆ ತಿರುಗಿ ನೋಡಿದರು.

"ಕುಂಡಾ?" ಎಂದರು. ಆಮೇಲೆ, "ನಾನು ಮೆಟ್ಟಲಾ ಕೇಳಿದ್ನಿ."

"ಗೊತ್ತು."

"ನನಗ ಹೇಳಬೇಕಿತ್ತಲ್ರಿ."

ಅವರು ಅಷ್ಟೇ ಹೇಳಿದ್ದು. ಕೂಗಾಡಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಆ ಥರ್ಮಾಕೋಲಿನ ಗುಡ್ಡದ ನಡುವೆ ಕೂತ ಅವರನ್ನು ನೋಡುತ್ತಾ, ಅವರ ರುಚಿಯ ಬಗ್ಗೆ ನಾನು ಇಷ್ಟು ತಿಂಗಳು ಒಳಗೊಳಗೇ ಮೂಗು ಮುರಿದದ್ದು ನೆನಪಾಯಿತು. ಅವರು ಆ ಕೋಣೆಯಲ್ಲಿ ನಿಂತು ಉಸಿರು ಕಟ್ಟಿದವರು. ನಾನು ಅದನ್ನು ಪುಸ್ತಕದಲ್ಲಿ ನೋಡಿದವಳು, ಇವತ್ತಿಗೂ ಫ್ಲಾರೆನ್ಸಿಗೆ ಹೋಗಿಲ್ಲ. ಅವರ ಬೆರಗು ನಿಜವಿತ್ತು. ಅದಕ್ಕೆ ಸುಳ್ಳು ಮೈ ಕೊಟ್ಟವಳು ನಾನು.

ಸೋಮವಾರ ಮಾಲೀಕನ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿ, ಕೌಂಟಿಗೆ ಪತ್ರ ಬರೆಯುತ್ತೇನೆ, ಷಾರ್ಲಟ್ ಮತ್ತು ಅಟ್ಲಾಂಟಾದವರಿಗೂ ತಿಳಿಸುತ್ತೇನೆ ಎಂದೆ. ಅವನ ನಗು ಮಾಯವಾಗಲಿಲ್ಲ. ನಡೆಯಲು ಅಲ್ಲ ಎಂದು ನಕ್ಷೆಯಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ, ಅದರ ಮೇಲೆ ನಡೆದರೆ ನಾವೇನು ಮಾಡೋಣ ಎಂದ. ಎಪ್ಪತ್ತೆಂಟು ವರ್ಷದ ಹೆಂಗಸು ನಕ್ಷೆ ಓದಿಕೊಂಡು ಮನೆಯಲ್ಲಿ ಓಡಾಡಬೇಕೇ ಎಂದು ಕೇಳಿದೆ. ನಿನ್ನ ಗ್ರೀನ್ ಕಾರ್ಡಿನ ಪೇಪರ್‌ಗಳು ಎಲ್ಲಿವೆ ಎಂಬುದನ್ನು ಯೋಚಿಸು ಎಂದ. ಬೆದರಿಕೆಯ ದನಿಯಲ್ಲಲ್ಲ, ಹಿತ ಹೇಳುವವನ ದನಿಯಲ್ಲಿ. ರಾಜೀನಾಮೆ ಬರೆದು ಕೊಟ್ಟು ಬಂದೆ.

ಗಂಡ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಚಹಾ ತಂದು ಮುಂದಿಟ್ಟು, "ಲೆಟರ್ ಕಳ್ಸಿದ್ಯಾ?" ಎಂದ. ಇನ್ನೂ ಇಲ್ಲ ಎಂದೆ. "ಕಳ್ಸು ಮತ್ತೆ. ಕೆಲ್ಸಾನೂ ಹೋಯ್ತು, ಲೆಟರೂ ಹೋಗ್ಲಿಲ್ಲ ಅಂದ್ರೆ ಏನ್ ಸುಖ?" ಎಂದ. ಅವನ ಮುಂದೆಯೇ ಕಳಿಸಿದೆ. ನಾನು ಅವನ ವೀಸಾದ ಆಸರೆಗೆ ಬಂದು, ಮತ್ತೆ ಕೆಲಸ ಮಾಡುವ ಅನುಮತಿ ಕೈಗೆ ಬರುವವರೆಗೆ ಒಂದು ವರ್ಷದ ಹತ್ತಿರ ಮನೆಯಲ್ಲಿ ಕೂತೆ. ಗ್ರೀನ್ ಕಾರ್ಡಿನ ಆ ಅರ್ಜಿ ಅಲ್ಲಿಗೇ ನಿಂತಿತು. ಷಾರ್ಲಟ್‌ನವರು ಒಂದೇ ಸಾಲಿನ ಉತ್ತರ ಬರೆದು, ಹಂತಗಳ ಮೇಲೆ ಪ್ಲಾಸ್ಟಿಕ್ ಗಿಡಗಳನ್ನಿಟ್ಟ ಫೋಟೋ ಕಳಿಸಿದರು. ಸಮಸ್ಯೆ ಬಗೆಹರಿಯಿತು ಎಂದುಕೊಂಡಿರಬೇಕು. ಅಟ್ಲಾಂಟಾದಿಂದ ಏನೂ ಬರಲಿಲ್ಲ. ಆ ವೆಬ್‌ಸೈಟಿನಲ್ಲಿ ಮೆಟ್ಟಿಲು ಇನ್ನೂ ಇದೆ. ಈಗ ಅದಕ್ಕೆ ಬಿಳಿ ಬಣ್ಣ ಬಂದಿದೆ.

ಕೊಲಂಬಿಯಾಕ್ಕೆ ಇನ್‌ಸ್ಪೆಕ್ಟರ್ ಬಂದು ಪಕ್ಕದ ಹಂತಗಳನ್ನು ತೆಗೆಸಬೇಕೆಂದು ಬರೆದಿಟ್ಟು ಹೋದ. ಅಷ್ಟರೊಳಗೆ ಡಾಕ್ಟರು ತಾವೇ ಕೆಲಸದವರನ್ನು ಗೊತ್ತುಮಾಡಿದ್ದರು. ನನಗೆ ತಿಳಿಸಿದ್ದು ಅಜ್ಜಿ. ಫೋನ್ ಮಾಡಿ, "ನಾಳೆ ಒಡೀತಾರಂತ, ನೀನೂ ಬಂದು ನೋಡು" ಎಂದರು. ಕರೆಯೋ ಶಿಕ್ಷೆಯೋ ತಿಳಿಯಲಿಲ್ಲ. ಹೋದೆ.

ಒಡೆಯಲು ಅರ್ಧ ಗಂಟೆ ಕೂಡ ಹಿಡಿಯಲಿಲ್ಲ. ಹಾರೆ ಹಾಕಿ ಮೀಟಿದರೆ ಲೇಪ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ತೆಳು ಹಲಗೆಯನ್ನು ಕೈಯಲ್ಲೇ ಕಿತ್ತರು. ಒಳಗಿನ ಬಿಳಿ ದಿಮ್ಮಿಗಳನ್ನು ಎರಡೆರಡು ಬಗಲಲ್ಲಿ ಇಟ್ಟುಕೊಂಡು ಹೊರಗೆ ಒಯ್ದರು. ಚಾಚುಗಲ್ಲುಗಳನ್ನು ಕಪ್ಪು ಕಸದ ಚೀಲಕ್ಕೆ ತುಂಬಿದರು. ಕಂಬಗಳನ್ನೂ ತೆಗೆಯಿರಿ ಎಂದು ಡಾಕ್ಟರು ಮೇಲಿನಿಂದಲೇ ಕೂಗಿ ಹೇಳಿದರು. ಗೋಡೆಯ ಮೇಲೆ ಅಂಟಿನ ಹಳದಿ ಕಲೆಗಳು ಉಳಿದವು, ಹುಣ್ಣು ಮಾಯ್ದ ಜಾಗದಂತೆ. ನಡುವಿನ ಬಾಗಿದ ಮೆಟ್ಟಿಲು ಒಂಟಿಯಾಗಿ ನಿಂತಿತು. ಮರದ ಕೆಲಸ ಅದು, ಬಡಗಿ ಒಳ್ಳೆಯವನು. ನೋಡಿದರೆ ಮೂರನೆಯ ಹಂತದ ಬಾಗು ಸರಿಯಾಗಿಯೇ ಬಂದಿತ್ತು. ಅದೊಂದನ್ನು ನೋಡಲು ನನಗೆ ಹೇಸಿಗೆಯಾಗಲಿಲ್ಲ.

ಅಜ್ಜಿ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಕಟ್ಟು ಬಿಚ್ಚಿದ್ದರೂ ಬಲಗೈ ಪೂರ್ತಿ ತಿರುಗುತ್ತಿರಲಿಲ್ಲ. ರೊಟ್ಟಿ ಬಡಿಯಲು ಆಗುವುದಿಲ್ಲ, ಮಗ ಅಂಗಡಿಯಿಂದ ತರುತ್ತಾನೆ, ಅದಕ್ಕೆ ರುಚಿಯಿಲ್ಲ ಎಂದರು.

ಡಾಕ್ಟರು ಇಳಿದು ಬಂದರು. ನನ್ನನ್ನು ನೋಡಿ ತಲೆಯಾಡಿಸಿದರು. ಕೆಲಸದವರು ಗುಡಿಸಿ ಹೋದ ಮೇಲೆ ತಾಯಿಯ ಕುರ್ಚಿಯನ್ನು ಎತ್ತಿ, ಮೆಟ್ಟಿಲು ಕಿತ್ತ ಜಾಗದಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ ಇಟ್ಟು, ಅವರ ತೋಳು ಹಿಡಿದು ಕೂರಿಸಿದರು.

"ಇಲ್ಲಿ ಛಲೋ ಬಿಸಲ ಬರ್ತದ" ಎಂದರು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, "ಅಡಿಗಿಮನ್ಯಾಗ ಹಿಟ್ಟ ಅದ, ರೊಟ್ಟಿ ಬಡ್ಯಾಕ ಬರ್ತದನು ನಿನಗ?" ಎಂದರು.

ಬರುವುದಿಲ್ಲ ಎಂದೆ.

"ಬಾ, ಕುಂತು ಹೇಳತೀನಿ, ಮಾಡು" ಎಂದು ಎದ್ದರು. ನಾನು ಕೈ ತೊಳೆಯಲು ಹೋದೆ.